ಬುಕಿಂಗ್ ಆಯಿತು ಎಂದು ಕಳಿಸಿದ ಮೇಲ್ ಸ್ಪ್ಯಾಮ್‌ಗೆ ಯಾಕೆ ಹೋಗುತ್ತದೆ?

ಪ್ರಶ್ನೆ: ಸಕಲೇಶಪುರದ ಹತ್ತಿರ ನಮ್ಮದೊಂದು ಹೋಂಸ್ಟೇ ಇದೆ. ವೆಬ್‌ಸೈಟಿನಲ್ಲಿ ರೂಮ್ ಬುಕ್ ಮಾಡಿದವರಿಗೆ ತಾನಾಗಿಯೇ ಒಂದು ಇಮೇಲ್ ಹೋಗುತ್ತದೆ. ಆದರೂ ‘ದುಡ್ಡು ಕಟ್ಟಿದ್ದೇವೆ, ಮೇಲ್ ಬಂದಿಲ್ಲ’ ಎಂದು ಫೋನ್ ಬರುತ್ತಲೇ ಇರುತ್ತದೆ. ಹುಡುಕಿದರೆ ಅದು ಸ್ಪ್ಯಾಮ್‌ನಲ್ಲಿ ಬಿದ್ದಿರುತ್ತದೆ. ಜಾಹೀರಾತಿನ ಮಾತು ಒಂದೂ ಇಲ್ಲದ ಮೇಲ್‌ಗೆ ಯಾಕೆ ಹೀಗೆ?

ಉತ್ತರ: ‘ಉಚಿತ’, ‘ಆಫರ್’ ಎಂಬ ಪದ ಇದ್ದರೆ ಮಾತ್ರ ಮೇಲ್ ಸ್ಪ್ಯಾಮ್ ಆಗುತ್ತದೆ ಎಂದು ತುಂಬಾ ಜನ ನಂಬಿದ್ದಾರೆ. ಪದಗಳನ್ನೂ ನೋಡುತ್ತಾರೆ, ನಿಜ. ಆದರೆ ಅದಕ್ಕಿಂತ ಮುಂಚೆ ಜಿಮೇಲ್‌ನಂಥವರು ಕೇಳುವುದು, ಇದನ್ನು ಕಳಿಸಿದವರು ನಿಜವಾಗಿ ಅವರೇನಾ ಎಂದು. ನಿಮ್ಮ ಮೇಲ್ ಬಹುಶಃ ಈ ಪ್ರಶ್ನೆಯಲ್ಲೇ ಫೇಲ್ ಆಗುತ್ತಿದೆ.

ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ 1982ರದು. ಕಳಿಸಿದವರ ಹೆಸರು ಸರಿಯೇ ಎಂದು ಪರಿಶೀಲಿಸುವ ಏರ್ಪಾಡು ಅದರಲ್ಲಿ ಇರಲೇ ಇಲ್ಲ. ಯಾವ ಸರ್ವರ್ ಬೇಕಾದರೂ ನಿಮ್ಮ ವಿಳಾಸ ಹಾಕಿ ಮೇಲ್ ಬಿಡಬಹುದಿತ್ತು. ಈ ತೂತು ಮುಚ್ಚಲು ಆಮೇಲೆ ಮೂರು ವ್ಯವಸ್ಥೆ ಬಂದವು. ಎಸ್‌ಪಿಎಫ್ ಎಂದರೆ ‘ನನ್ನ ಹೆಸರಲ್ಲಿ ಕಳಿಸಲು ಈ ಸರ್ವರ್‌ಗಳಿಗೆ ಮಾತ್ರ ಅನುಮತಿ’ ಎಂದು ಡೊಮೇನ್ (ವಿಳಾಸದಲ್ಲಿ @ ಆದ ಮೇಲೆ ಬರುವ ಹೆಸರು) ಮಾಲೀಕರು ಡಿಎನ್‌ಎಸ್‌ನಲ್ಲಿ, ಅಂದರೆ ಇಂಟರ್ನೆಟ್ಟಿನ ಹೆಸರುಗಳ ಸಾರ್ವಜನಿಕ ಡೈರೆಕ್ಟರಿಯಲ್ಲಿ, ಹಾಕಿಡುವ ಪಟ್ಟಿ. ಡಿಕಿಮ್ ಎಂದರೆ ಪ್ರತಿ ಮೇಲ್‌ಗೂ ಬೀಳುವ ಡಿಜಿಟಲ್ ಸಹಿ. ಇವೆರಡರಲ್ಲಿ ಒಂದಾದರೂ ಪಾಸಾಗಿ ಓದುಗರಿಗೆ ಕಾಣುವ ವಿಳಾಸಕ್ಕೆ ತಾಳೆಯಾಗುತ್ತದೆಯೇ, ಆಗದಿದ್ದರೆ ಆ ಮೇಲನ್ನು ಏನು ಮಾಡಬೇಕು ಎಂದು ಹೇಳುವುದು ಡಿಮಾರ್ಕ್.

ಈಗ ನಿಮ್ಮ ಹೋಂಸ್ಟೇ ವಿಷಯಕ್ಕೆ ಬರೋಣ. ಸಣ್ಣ ವ್ಯವಹಾರಗಳ ವೆಬ್‌ಸೈಟುಗಳಲ್ಲಿ ಸಾಮಾನ್ಯವಾಗಿ ಕಾಣುವುದು ಇದು: ಮೇಲ್ ಹೊರಡುವುದು ಹೋಸ್ಟಿಂಗ್ ಕಂಪನಿಯ ಸರ್ವರ್‌ನಿಂದ, ಕಳಿಸಿದವರ ಜಾಗದಲ್ಲಿ ಇರುವುದು ಮಾಲೀಕರ ಜಿಮೇಲ್ ವಿಳಾಸ. ಆ ಸರ್ವರ್‌ಗೆ ಜಿಮೇಲ್ ಹೆಸರಲ್ಲಿ ಕಳಿಸುವ ಹಕ್ಕಿಲ್ಲ. ಹೀಗೆ ಜಿಮೇಲ್ ವಿಳಾಸವನ್ನು ಹೊರಗಿನಿಂದ ಬಳಸಬೇಡಿ ಎಂದು ಗೂಗಲ್ ತನ್ನ ನಿಯಮಗಳಲ್ಲೇ ಬರೆದಿದೆ. ನಿಮ್ಮ ಉದ್ದೇಶ ಎಷ್ಟೇ ಒಳ್ಳೆಯದಿರಲಿ, ಫಿಲ್ಟರ್‌ಗೆ ಕಾಣುವುದು ಬೇರೆಯವರ ಹೆಸರು ಹಾಕಿಕೊಂಡು ಬಂದ ಮೇಲ್ ಮಾತ್ರ. ಅದನ್ನು ಅನುಮಾನಿಸುವುದು ಸರಿಯಾದದ್ದೇ ಎನ್ನುವುದು ನನ್ನ ಅಭಿಪ್ರಾಯ. ಬ್ಯಾಂಕಿನ ಹೆಸರಲ್ಲಿ ಬರುವ ಮೋಸದ ಮೇಲ್‌ಗಳನ್ನು ತಡೆಯುವುದೂ ಇದೇ ಪರೀಕ್ಷೆ.

ಎಲ್ಲಿ ತಪ್ಪಿದೆ ಎಂದು ನೀವೇ ನೋಡಬಹುದು. ನಿಮ್ಮ ಜಿಮೇಲ್‌ಗೇ ಒಂದು ಬುಕಿಂಗ್ ಮಾಡಿ. ಬಂದ ಮೇಲನ್ನು ಕಂಪ್ಯೂಟರಿನಲ್ಲಿ ತೆರೆದು, ಬಲಗಡೆಯ ಮೂರು ಚುಕ್ಕಿ ಒತ್ತಿ ‘ಶೋ ಒರಿಜಿನಲ್’ ಆರಿಸಿ. ಮೇಲ್ಭಾಗದ ಸಣ್ಣ ಕೋಷ್ಟಕದಲ್ಲಿ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎದುರು ‘ಪಾಸ್’ ಅಥವಾ ‘ಫೇಲ್’ ಎಂದಿರುತ್ತದೆ. ಯಾವುದಾದರೂ ಸಾಲೇ ಕಾಣದಿದ್ದರೆ ಅದನ್ನು ಯಾರೂ ಹಾಕಿಲ್ಲ ಎಂದರ್ಥ. ಆ ಪುಟದ ಸ್ಕ್ರೀನ್‌ಶಾಟನ್ನೇ ವೆಬ್‌ಸೈಟ್ ಮಾಡಿಕೊಟ್ಟವರಿಗೆ ಕಳಿಸಿ, ಅರ್ಧ ವಾದ ಅಲ್ಲೇ ಮುಗಿಯುತ್ತದೆ. ಮೇಲ್ ಹೋಗಬೇಕಾದ್ದು ನಿಮ್ಮ ಸ್ವಂತ ಡೊಮೇನಿನ ವಿಳಾಸದಿಂದ, ಮೂರೂ ಪಾಸ್ ಆಗುವ ಹಾಗೆ. ಒಂದು ಎಚ್ಚರಿಕೆ: ಒಂದು ಡೊಮೇನಿಗೆ ಒಂದೇ ಎಸ್‌ಪಿಎಫ್ ದಾಖಲೆ ಇರಬೇಕು. ಹಳೆಯದನ್ನು ಹಾಗೇ ಉಳಿಸಿಕೊಂಡು ಇನ್ನೊಂದನ್ನು ಸೇರಿಸಿದರೆ ಎರಡೂ ಕೆಲಸಕ್ಕೆ ಬಾರವು.

ಇಷ್ಟಾದ ಮೇಲೂ ಸ್ಪ್ಯಾಮ್‌ಗೆ ಹೋದರೆ ಸರ್ವರ್‌ನ ಹೆಸರು ಕೆಟ್ಟಿರಬಹುದು. ಅಗ್ಗದ ಹೋಸ್ಟಿಂಗ್‌ನಲ್ಲಿ ನೂರಾರು ಸೈಟುಗಳಿಗೆ ಒಂದೇ ಐಪಿ ವಿಳಾಸ (ಇಂಟರ್ನೆಟ್ಟಿನಲ್ಲಿ ಸರ್ವರ್ ಗುರುತಿಸುವ ಸಂಖ್ಯೆ). ವಠಾರದಲ್ಲಿ ಒಂದು ಮನೆಯವರ ಗಲಾಟೆಗೆ ಎಲ್ಲರ ಹೆಸರೂ ಕೆಡುವಂತೆ, ಅವರಲ್ಲಿ ಯಾರೋ ಒಬ್ಬರು ಕಸ ಕಳಿಸಿದರೆ ಸ್ಪ್ಯಾಮ್ ಕಳಿಸುವವರ ಪಟ್ಟಿ ಇಡುವ ಸ್ಪ್ಯಾಮ್‌ಹೌಸ್‌ನಂಥ ಸಂಸ್ಥೆಗಳ ಕಪ್ಪುಪಟ್ಟಿಗೆ ಇಡೀ ಐಪಿ ಸೇರುತ್ತದೆ. ಆಗ ಮೇಲ್ ಕಳಿಸುವುದಕ್ಕೆಂದೇ ಇರುವ ಬೇರೆ ಸೇವೆ ತೆಗೆದುಕೊಳ್ಳುವುದು ಒಳ್ಳೆಯದು.

ಜನರು ಒತ್ತುವ ‘ಸ್ಪ್ಯಾಮ್’ ಬಟನ್ನೂ ಲೆಕ್ಕಕ್ಕೆ ಬರುತ್ತದೆ. 2024ರ ಫೆಬ್ರವರಿಯಿಂದ ಗೂಗಲ್ ಜಾರಿಗೆ ತಂದ ನಿಯಮದಂತೆ ಸ್ಪ್ಯಾಮ್ ದೂರುಗಳ ಪ್ರಮಾಣ ಶೇ 0.3 ಮುಟ್ಟಬಾರದು, ಅಂದರೆ ಸಾವಿರಕ್ಕೆ ಮೂರು. ಜಿಮೇಲ್ ಖಾತೆಗಳಿಗೆ ದಿನಕ್ಕೆ 5,000ಕ್ಕೂ ಹೆಚ್ಚು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಕಡ್ಡಾಯ. ನೀವು ಅಷ್ಟು ಕಳಿಸುವುದಿಲ್ಲ, ಆದರೂ ಬುಕಿಂಗ್ ಮಾಡಿದವರಿಗೆಲ್ಲ ಕೇಳದೆ ಹಬ್ಬದ ಆಫರ್ ಕಳಿಸುವ ಅಭ್ಯಾಸವಿದ್ದರೆ ಬಿಡಿ. ಬೇಸತ್ತ ನಾಲ್ಕು ಜನ ಬಟನ್ ಒತ್ತಿದರೂ ಅದರ ಪೆಟ್ಟು ಬುಕಿಂಗ್ ಮೇಲ್‌ಗೂ ಬೀಳುತ್ತದೆ.

ಇದೆಲ್ಲ ಸರಿಯಾಗುವವರೆಗೆ, ದುಡ್ಡು ಕಟ್ಟಿದ ಮೇಲೆ ಬರುವ ಪುಟದಲ್ಲೇ ಬುಕಿಂಗ್ ಸಂಖ್ಯೆ ದಪ್ಪಕ್ಷರದಲ್ಲಿ ಕಾಣಲಿ. ಸ್ಪ್ಯಾಮ್‌ನಲ್ಲಿ ಸಿಕ್ಕರೆ ‘ನಾಟ್ ಸ್ಪ್ಯಾಮ್’ ಒತ್ತಿ ಎಂದು ಅತಿಥಿಗಳಿಗೆ ವಾಟ್ಸಾಪ್‌ನಲ್ಲಿ ತಿಳಿಸಿ. ಬೇಸಿಗೆ ರಜೆಗೆಂದು ತಿಂಗಳುಗಟ್ಟಲೆ ಮುಂಚೆ ಬುಕ್ ಮಾಡಿದವರಿಗೆ ಇದನ್ನು ಬೇಗ ಹೇಳಿ, ಯಾಕೆಂದರೆ ಜಿಮೇಲ್ ಸ್ಪ್ಯಾಮ್‌ನಲ್ಲಿರುವುದನ್ನು 30 ದಿನಕ್ಕೆ ಅಳಿಸಿಬಿಡುತ್ತದೆ.