ಗೇರ್‌ಬಾಕ್ಸಿಗೆ ಕೈ ಹಾಕುವ ಮೊದಲು

ಹಳೇ ಮಾರುತಿ 800 ಇಟ್ಟುಕೊಂಡವರು 'ಗೇರ್‌ಬಾಕ್ಸ್ ಹೋಗಿದೆ, ಮನೆಯಲ್ಲೇ ಬದಲಾಯಿಸಬಹುದಾ?' ಎಂದು ಕೇಳುತ್ತಾರೆ. ಬದಲಾಯಿಸಬಹುದು. ಆದರೆ ಹೋಗಿರುವುದು ಗೇರ್‌ಬಾಕ್ಸೇ ಎಂದು ಹೇಳಿದವರು ಯಾರು? ಬಾಕ್ಸ್ ಬದಲಿಸಲೆಂದೇ ಗ್ಯಾರೇಜಿಗೆ ಬಂದ ಎಷ್ಟೋ ಗಾಡಿಗಳು ಒಂದು ಕ್ಲಚ್ ಕೇಬಲ್ಲೋ ಎರಡು ಬುಶ್ಶೋ (ಕೀಲಿನಲ್ಲಿ ಕೂರುವ ಚಿಕ್ಕ ಬಳೆ) ಹಾಕಿಸಿಕೊಂಡು ವಾಪಸ್ ಹೋಗುತ್ತವೆ.

ಮೊದಲು ಇಂಜಿನ್ ಆಫ್ ಮಾಡಿ ಎಲ್ಲ ಗೇರ್ ಹಾಕಿ ನೋಡಿ. ಆಫ್ ಇದ್ದಾಗ ಸಲೀಸಾಗಿ ಬೀಳುವ ಗೇರ್, ಸ್ಟಾರ್ಟ್ ಆದ ಮೇಲೆ ಬೀಳುವುದಿಲ್ಲ ಎಂದರೆ ಕ್ಲಚ್ಚು ಇಂಜಿನ್ನಿನಿಂದ ಬಾಕ್ಸನ್ನು ಪೂರ್ತಿ ಬಿಡಿಸುತ್ತಿಲ್ಲ. ಖಚಿತ ಮಾಡಿಕೊಳ್ಳಲು, ಐಡಲ್‌ನಲ್ಲಿ ಕ್ಲಚ್ ಪೂರ್ತಿ ಒತ್ತಿ, ಮೂರ್ನಾಲ್ಕು ಸೆಕೆಂಡ್ ಬಿಟ್ಟು ರಿವರ್ಸ್ ಹಾಕಿ. ಅಷ್ಟು ಹೊತ್ತು ಕಾದ ಮೇಲೂ ಕರ್ರ್ ಎಂದರೆ ಕೇಬಲ್ ಅಡ್ಜಸ್ಟ್‌ಮೆಂಟಿನಿಂದ ಶುರು ಮಾಡಿ. ಇಂಜಿನ್ ಆಫ್ ಇದ್ದಾಗಲೂ ಗೇರ್ ಸಿಗದೆ ಲಿವರ್ ಗಂಜಿಯೊಳಗೆ ಸೌಟು ತಿರುವಿದಂತೆ ಆಡುತ್ತಿದ್ದರೆ ಗಾಡಿಯ ಕೆಳಗೆ ತಲೆ ಹಾಕಿ. ಲಿವರಿನಿಂದ ಬಾಕ್ಸಿಗೆ ಹೋಗುವ ರಾಡಿನ ಬುಶ್‌ಗಳು ತಿಂದುಹೋಗಿರುತ್ತವೆ. ಅಗ್ಗದ ರಿಪೇರಿ, ಆದ್ದರಿಂದಲೇ ಯಾರೂ ನೋಡುವುದಿಲ್ಲ.

ಇನ್ನು ಸದ್ದು. ನ್ಯೂಟ್ರಲ್‌ನಲ್ಲಿ ಕ್ಲಚ್ ಬಿಟ್ಟಾಗ ಗೊರಗೊರ ಎಂದು, ಒತ್ತಿದಾಗ ನಿಂತರೆ ಇನ್‌ಪುಟ್ ಶಾಫ್ಟಿನ (ಇಂಜಿನ್ನಿನ ತಿರುಗಾಟವನ್ನು ಬಾಕ್ಸಿಗೆ ತರುವ ದಂಡ) ಬೇರಿಂಗ್ ಮೇಲೆ ಅನುಮಾನ ಪಡಿ. ಉಲ್ಟಾ, ಒತ್ತಿದಾಗ ಸದ್ದು ಬಂದು ಬಿಟ್ಟಾಗ ಹೋದರೆ, ಪೆಡಲ್ ಒತ್ತಿದಾಗ ಕ್ಲಚ್ಚನ್ನು ತಳ್ಳುವ ರಿಲೀಸ್ ಬೇರಿಂಗ್. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಹೋಗುವಾಗ ಕಟಕಟ ಎಂದರೆ ಸಾಮಾನ್ಯವಾಗಿ ಆ್ಯಕ್ಸಲ್ ಜಾಯಿಂಟ್; ಬಾಕ್ಸಿಗೂ ಅದಕ್ಕೂ ಸಂಬಂಧವಿಲ್ಲ. ಎಲ್ಲ ಗೇರ್ ಸರಿಯಾಗಿ ಬಿದ್ದು ಸೆಕೆಂಡ್ ಮಾತ್ರ ಕರ್ರ್ ಎನ್ನುತ್ತಿದ್ದರೆ, ಗೇರ್ ಬೀಳುವ ಮೊದಲು ವೇಗ ಹೊಂದಿಸುವ ಸಿಂಕ್ರೊ ರಿಂಗ್ ಸವೆದಿದೆ. ಓಡುತ್ತಿರುವಾಗ ಗೇರ್ ತಾನಾಗಿ ನ್ಯೂಟ್ರಲ್ಲಿಗೆ ಬರುತ್ತಿದ್ದರೆ ಮೊದಲು ಮೌಂಟ್ (ಇಂಜಿನ್, ಬಾಕ್ಸನ್ನು ಗಾಡಿಗೆ ಹಿಡಿದಿಡುವ ಆಧಾರ) ನೋಡಿ, ಅದು ಸರಿಯಿದ್ದರೆ ದೋಷ ಒಳಗೆ. ಹಳೇ ಆಯಿಲ್ ಇಳಿಸಿದಾಗ ಡ್ರೈನ್ ಪ್ಲಗ್ಗಿಗೆ ಕಬ್ಬಿಣದ ನುಣುಪು ಪುಡಿ ಅಂಟಿದ್ದರೆ ಗಾಬರಿ ಬೇಡ. ಗೇರ್ ಹಲ್ಲಿನ ಚೂರು ಬಂದರೆ ಮಾತ್ರ ಸೆಕೆಂಡ್‌ಹ್ಯಾಂಡ್ ಬಾಕ್ಸ್ ಹುಡುಕಲು ಹೊರಡಿ.

ಬೆಂಗಳೂರಿನವರಾದರೆ ಜೆ.ಸಿ. ರಸ್ತೆಯೋ ಶಿವಾಜಿನಗರವೋ. ಅಲ್ಲಿ 'ಒಂದೇ ಇಂಜಿನ್ ಸಾರ್, ಕೂರುತ್ತೆ' ಎಂದು ಓಮ್ನಿಯ ಬಾಕ್ಸ್ ತೋರಿಸಿದರೆ ನಕ್ಕು ಮುಂದೆ ಹೋಗಿ. ಎರಡಕ್ಕೂ 796 ಸಿಸಿ ಇಂಜಿನ್ ಇರುವುದು ನಿಜ. ಆದರೆ ಓಮ್ನಿಯಲ್ಲಿ ಓಡುವುದು ಹಿಂದಿನ ಚಕ್ರ, 800ರಲ್ಲಿ ಮುಂದಿನ ಚಕ್ರ. ಬಾಕ್ಸಿನ ಜಾತಿಯೇ ಬೇರೆ. 800ರಲ್ಲೇ 4 ಗೇರಿನದೂ ಇದೆ, 5 ಗೇರಿನದೂ ಬಂದಿತ್ತು. ನಿಮ್ಮದನ್ನು ಇಳಿಸಿ, ಪಕ್ಕದಲ್ಲಿಟ್ಟು, ಮೌಂಟಿನ ತೂತುಗಳನ್ನೂ ಇನ್‌ಪುಟ್ ಶಾಫ್ಟಿನ ಹಲ್ಲುಗಳನ್ನೂ ಹೋಲಿಸಿ ತನ್ನಿ. ಶಾಫ್ಟ್ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ ಸಡಿಲವಿದೆಯೇ ನೋಡಿ, ಎಲ್ಲ ಗೇರ್ ಹಾಕಿ ಕೈಯಲ್ಲೇ ತಿರುಗಿಸಿ. ಬಿಲ್ ಕೇಳಿ, ಕಳ್ಳಮಾಲು ಮನೆಗೆ ಬರಬಾರದು. ಆರ್‌ಸಿಯಲ್ಲಿ ಇರುವುದು ಇಂಜಿನ್ ನಂಬರ್, ಚಾಸಿ ನಂಬರ್. ಬಾಕ್ಸಿನ ನಂಬರ್ ಅಲ್ಲಿರುವುದಿಲ್ಲ.

ಇಳಿಸುವ ಕೆಲಸಕ್ಕೆ ಬುದ್ಧಿಗಿಂತ ತಾಳ್ಮೆ ಬೇಕು. ಬ್ಯಾಟರಿಯ ನೆಗೆಟಿವ್ ಮೊದಲು ಬಿಚ್ಚಿ. ಆಯಿಲ್ ಇಳಿಸಿ. ಆಮೇಲೆ ಸ್ಟಾರ್ಟರ್, ಕ್ಲಚ್ ಕೇಬಲ್, ಸ್ಪೀಡೋ ಕೇಬಲ್, ರಿವರ್ಸ್ ಲೈಟಿನ ವೈರ್, ಅರ್ತ್ ವೈರ್, ಗೇರ್ ರಾಡ್, ಎರಡೂ ಆ್ಯಕ್ಸಲ್. ಬಿಚ್ಚುವ ಮುನ್ನ ಮೊಬೈಲಲ್ಲಿ ಫೋಟೊ ಹೊಡೆದಿಟ್ಟುಕೊಳ್ಳಿ. ಗಾಡಿ ಗಟ್ಟಿ ಕಾಂಕ್ರೀಟ್ ನೆಲದ ಮೇಲಿರಲಿ, ಹಿಂದಿನ ಚಕ್ರಗಳಿಗೆ ಅಡ್ಡ ಕೊಡಿ, ಮುಂಭಾಗ ಜ್ಯಾಕ್ ಸ್ಟ್ಯಾಂಡಿನ ಮೇಲೆ ಕೂರಲಿ. ಇಟ್ಟಿಗೆ, ಸೈಜುಗಲ್ಲು, ಬರೀ ಜಾಕಿ ನಂಬಿ ಕೆಳಗೆ ನುಗ್ಗುವವರನ್ನು ನಾನು ಕಾಲು ಹಿಡಿದು ಹೊರಗೆ ಎಳೆಯುತ್ತೇನೆ. ಬಾಕ್ಸ್ ಹೊರಬಂದರೆ ಇಂಜಿನ್ನಿಗೆ ಒಂದು ಕಡೆ ಆಧಾರವೇ ಇರುವುದಿಲ್ಲ. ಮೌಂಟ್ ಬಿಚ್ಚುವ ಮೊದಲೇ ಆಯಿಲ್ ಪ್ಯಾನಿನ ಕೆಳಗೆ ಮರದ ಹಲಗೆ ಇಟ್ಟು ಬೇರೊಂದು ಜಾಕಿ ಕೊಡಿ. ಜೊತೆಗೆ ಇನ್ನೊಬ್ಬರು ಇರಲೇಬೇಕು.

ಬಾಕ್ಸ್ ಹೊರಗಿದ್ದಾಗ ಕ್ಲಚ್ ಪ್ಲೇಟ್, ಪ್ರೆಶರ್ ಪ್ಲೇಟ್, ರಿಲೀಸ್ ಬೇರಿಂಗ್, ಆ್ಯಕ್ಸಲ್ ಸೀಲ್ ಎಲ್ಲ ಹೊಸದು ಹಾಕಿ. ಕ್ರ್ಯಾಂಕಿನ ಹಿಂದಿನ ಸೀಲಿನಿಂದ ಆಯಿಲ್ ಒಸರುತ್ತಿದ್ದರೆ ಅದನ್ನೂ. ಈ ಸಾಮಾನಿಗೆ ಜಿಪುಣತನ ಮಾಡಿ ಎರಡು ತಿಂಗಳಿಗೆ ಮತ್ತೆ ಅದೇ ಬಾಕ್ಸ್ ಇಳಿಸುವವರು ಇದ್ದಾರೆ.

ಮನೆಯಲ್ಲಿ ಮಾಡುವವರು ಸೋಲುವುದು ವಾಪಸ್ ಏರಿಸುವಾಗ. ಕ್ಲಚ್ ಪ್ಲೇಟ್ ನಟ್ಟನಡುವೆ ಕೂರದಿದ್ದರೆ ಶಾಫ್ಟ್ ಒಳಗೆ ಹೋಗುವುದಿಲ್ಲ. ಸೆಂಟರ್ ಮಾಡಲು ಪ್ಲಾಸ್ಟಿಕ್ ಟೂಲ್ ಸಿಗುತ್ತದೆ. ಇಲ್ಲದಿದ್ದರೆ ಕೋಲಿಗೆ ಟೇಪ್ ಸುತ್ತಿ ಪ್ಲೇಟಿನ ನಡುತೂತಿನ ಅಳತೆಗೆ ತನ್ನಿ. ಪ್ಲೇಟಿನ ಸ್ಪ್ರಿಂಗ್ ಉಬ್ಬಿರುವ ಮುಖ ಪ್ರೆಶರ್ ಪ್ಲೇಟ್ ಕಡೆಗಿರಲಿ, ಫ್ಲೈವೀಲ್ ಕಡೆಗಲ್ಲ. ಬಾಕ್ಸನ್ನು ಜಾಕಿಯ ಮೇಲೆ ಏರಿಸಿ ಇಂಜಿನ್ನಿನ ಮುಖಕ್ಕೆ ಸಮಾನಾಂತರ ಹಿಡಿದು ತಳ್ಳಿ. ಒಂದು ಬೆರಳಿನಷ್ಟು ಸಂದು ಉಳಿದು ಅಲ್ಲೇ ನಿಲ್ಲುತ್ತದೆ. ಆಗ ಎಲ್ಲರ ಕೈಯೂ ಸ್ಪ್ಯಾನರಿನ ಕಡೆ ಹೋಗುತ್ತದೆ: 'ಬೋಲ್ಟ್ ಬಿಗಿದರೆ ತಾನೇ ಕೂರುತ್ತೆ.' ಕೂರುವುದಿಲ್ಲ. ಬಾಕ್ಸಿನ ಮೈ ಅಲ್ಯೂಮಿನಿಯಂ, ಬೋಲ್ಟ್ ಕೂರುವ ಕಿವಿ ಟಪ್ಪೆಂದು ಮುರಿಯುತ್ತದೆ. ಇಲ್ಲವೇ ಕ್ಲಚ್ ಪ್ಲೇಟಿನ ನಡುಭಾಗ ಸೊಟ್ಟಗಾಗುತ್ತದೆ. ನ್ಯೂಟ್ರಲ್‌ನಲ್ಲಿಟ್ಟು, ಜೊತೆಗಿರುವವರಿಂದ ಕ್ರ್ಯಾಂಕ್ ಪುಲ್ಲಿಯನ್ನು ಸ್ಪ್ಯಾನರಿನಲ್ಲಿ ಕೂದಲೆಳೆಯಷ್ಟು ತಿರುಗಿಸಿ ಹಲ್ಲು ಹೊಂದಿಸಿ. ಹೊಂದಿದ ಕ್ಷಣ ಬಾಕ್ಸ್ ತಾನಾಗಿ ಒಳಗೆ ಜಾರುತ್ತದೆ. ಸಂದು ಪೂರ್ತಿ ಮುಚ್ಚಿದ ಮೇಲೆ ಬೋಲ್ಟ್.

ಆ್ಯಕ್ಸಲ್ ಒಳಗೆ ತಳ್ಳುವಾಗ ಸೀಲಿನ ತುಟಿ ಹರಿಯದಿರಲಿ. ಟಕ್ ಎಂದು ಕೂತ ಮೇಲೆ ಕೈಯಲ್ಲಿ ಎಳೆದು ನೋಡಿ. ಗೇರ್ ಆಯಿಲ್ 75ಡಬ್ಲ್ಯೂ-90 ದಪ್ಪದ್ದು, ಜಿಎಲ್-4 ದರ್ಜೆಯದು. ಅಂಗಡಿಯವನು 'ಜಿಎಲ್-5 ಇನ್ನೂ ಒಳ್ಳೇದು' ಎಂದರೆ ಬೇಡ ಅನ್ನಿ. ಅದರಲ್ಲಿ ಹೆಚ್ಚಿರುವ ಗಂಧಕದ ರಾಸಾಯನಿಕ ಹಿತ್ತಾಳೆಯ ಸಿಂಕ್ರೊ ರಿಂಗಿಗೆ ಆಗಿಬರುವುದಿಲ್ಲ. ಗಾಡಿ ಸಮತಟ್ಟಾಗಿದ್ದಾಗ ಲೆವೆಲ್ ತೂತಿನಿಂದ ಆಯಿಲ್ ಹೊರ ಚೆಲ್ಲುವವರೆಗೆ ತುಂಬಿ, ಪ್ಲಗ್ ಬಿಗಿಯಿರಿ. ಕ್ಲಚ್ ಪೆಡಲ್ಲಿಗೆ ಸ್ವಲ್ಪ ಫ್ರೀ ಪ್ಲೇ (ಒತ್ತಿದರೂ ಕ್ಲಚ್ ಎಳೆಯದ ಸಡಿಲ) ಬಿಡಿ.

ಮೊದಲ ಓಟ ಮನೆಯ ಸುತ್ತಲೇ ಇರಲಿ. ಬಂದು ನಿಲ್ಲಿಸಿದ ಮೇಲೆ ರಾತ್ರಿ ಕೆಳಗೆ ರಟ್ಟು ಹಾಸಿ, ಬೆಳಿಗ್ಗೆ ಆಯಿಲ್ ಕಲೆ ಎಲ್ಲಾದರೂ ಬಿದ್ದಿದೆಯೇ ನೋಡಿ. ಹಳೇ ಬಾಕ್ಸನ್ನು ಅವಸರಕ್ಕೆ ಗುಜರಿಗೆ ಹಾಕಬೇಡಿ. ತಂದದ್ದು ಕೈಕೊಟ್ಟರೆ ಎರಡರ ಒಳ್ಳೇ ಗೇರ್‌ಗಳನ್ನು ಸೇರಿಸಿ ಒಂದು ಬಾಕ್ಸ್ ಕಟ್ಟಬಹುದು.