ಮರಳಿ ಹೋಗುವ ಮಕ್ಕಳಿಗೆಂದು ಕಟ್ಟಿದ ಶನಿವಾರದ ಶಾಲೆ

ಅಲ್ಲಿನ ಡೆಸ್ಕಿನ ಒಳಗೆ ಕೈ ಹಾಕುವಂತಿಲ್ಲ. ಅದರಲ್ಲಿರುವ ಪೆನ್ಸಿಲು, ಪುಸ್ತಕ ಸೋಮವಾರ ಬರುವ ಇನ್ಯಾರದೋ ಮಗುವಿನದು. ಪಾಠ ಮುಗಿದ ಮೇಲೆ ಬೋರ್ಡು ಒರೆಸಿ, ಕುರ್ಚಿಗಳನ್ನು ಮೊದಲಿದ್ದ ಹಾಗೇ ಜೋಡಿಸಿ ಹೊರಡಬೇಕು. ಪರದೇಶದ ಊರುಗಳಲ್ಲಿ ಬಾಡಿಗೆ ಕೋಣೆಗಳಲ್ಲಿ ನಡೆಯುವ ಜಪಾನಿ ವಾರಾಂತ್ಯದ ಶಾಲೆಗಳ ದಿನಚರಿ ಹೆಚ್ಚುಕಡಿಮೆ ಇಷ್ಟೇ. ಜಪಾನಿಗಳು ಇದನ್ನು ‘ಹೋಶೂಕೋ’ ಎನ್ನುತ್ತಾರೆ. ಪೂರಕ ಪಾಠದ ಶಾಲೆ ಎಂದು ಅರ್ಥ.

ವಲಸೆ ಹೋದ ಜಪಾನಿಗಳು ಹವಾಯಿಯಲ್ಲಿ ಹತ್ತೊಂಬತ್ತನೇ ಶತಮಾನದ ಕೊನೆಗೇ ಭಾಷಾಶಾಲೆ ತೆರೆದಿದ್ದರು. ಅವುಗಳ ಮೇಲೆ ಅಲ್ಲಿನ ಸರ್ಕಾರ ಹೇರಿದ್ದ ಕಟ್ಟುಪಾಡುಗಳನ್ನು ಅಮೆರಿಕದ ಸುಪ್ರೀಂ ಕೋರ್ಟು 1927ರಲ್ಲಿ ತಳ್ಳಿಹಾಕಿತು. ಆಮೇಲೆ ಬಂದ ಯುದ್ಧ ಅವುಗಳ ಬಾಗಿಲು ಹಾಕಿಸಿತು. ಹೋಶೂಕೋ ಆ ವಂಶದ್ದಲ್ಲ. ಅದು ಯುದ್ಧದ ನಂತರ ವರ್ಗಾವಣೆಯ ಮೇಲೆ ಹೊರದೇಶಕ್ಕೆ ಹೋದ ಅಧಿಕಾರಿಗಳು, ಕಂಪನಿ ನೌಕರರು ತಮ್ಮ ಮಕ್ಕಳಿಗಾಗಿ ಕಟ್ಟಿಕೊಂಡದ್ದು. 1956ರಲ್ಲಿ ಬ್ಯಾಂಕಾಕಿನಲ್ಲಿ ಪೂರ್ಣಾವಧಿಯ ಜಪಾನಿ ಶಾಲೆ ಶುರುವಾಯಿತು. ಎರಡು ವರ್ಷದ ನಂತರ ವಾಷಿಂಗ್ಟನ್‌ನಲ್ಲಿ ಮೊದಲ ಹೋಶೂಕೋ ಬಂತು. ವಾರದ ದಿನಗಳಲ್ಲಿ ಮಗು ಊರಿನ ಶಾಲೆಗೇ ಹೋಗಲಿ, ಶನಿವಾರ ಜಪಾನಿ ಪಾಠ ಓದಲಿ ಎಂಬುದು ಏರ್ಪಾಡು.

ಇದರ ಹಿಂದೆ ಇದ್ದದ್ದು ಭಯ. ಮೂರು-ನಾಲ್ಕು ವರ್ಷಕ್ಕೆ ಅಪ್ಪನಿಗೆ ವಾಪಸು ವರ್ಗವಾಗುತ್ತದೆ, ಆಗ ಮಗು ತನ್ನ ಓರಗೆಯವರ ಜೊತೆ ಕೂತು ಪ್ರವೇಶ ಪರೀಕ್ಷೆ ಬರೆಯಬೇಕು. ಜಪಾನಿ ಬರಹದಲ್ಲಿ ಬಳಸುವ ಚೀನೀ ಮೂಲದ ಕಾಂಜಿ ಅಕ್ಷರ ಮರೆತಿದ್ದರೆ ಗತಿಯೇನು? ಮರಳಿ ಬಂದ ಇಂಥ ಮಕ್ಕಳಿಗೆ ‘ಕಿಕೋಕು ಶಿಜೋ’ ಎಂಬ ಪ್ರತ್ಯೇಕ ಹೆಸರೇ ಹುಟ್ಟಿಕೊಂಡಿತು. ಸರ್ಕಾರವೂ ಕೈಜೋಡಿಸಿತು: ಪಠ್ಯಪುಸ್ತಕ ಉಚಿತ, ಬಾಡಿಗೆಗೆ ನೆರವು, ದೊಡ್ಡ ಶಾಲೆಗಳಿಗೆ ಜಪಾನಿನಿಂದಲೇ ಶಿಕ್ಷಕರು. ಆದರೆ ದಿನನಿತ್ಯದ ಹೊರೆಯನ್ನು ಹೆಚ್ಚಾಗಿ ಹೊತ್ತವರು ಪಾಲಕರೇ. ಡಾಲರಿನ ಬೆಲೆ ಇಳಿಸಲು ಐದು ದೊಡ್ಡ ದೇಶಗಳು 1985ರಲ್ಲಿ ಮಾಡಿಕೊಂಡ ಪ್ಲಾಜಾ ಒಪ್ಪಂದದ ಬಳಿಕ ಯೆನ್ ದುಬಾರಿಯಾಗಿ ಕಾರ್ಖಾನೆಗಳು ಹೊರದೇಶಕ್ಕೆ ಹೊರಟಾಗ ಶಾಲೆಗಳೂ ಬೆನ್ನಿಗೇ ಹೋದವು. ಇಂದು ಅವು 200ಕ್ಕೂ ಹೆಚ್ಚು.

ಮಗುವಿನ ಕಷ್ಟ ತಿಳಿಯಬೇಕಾದರೆ ಲೆಕ್ಕ ನೋಡಬೇಕು. ಜಪಾನಿನ ಒಂದನೇ ತರಗತಿಯಲ್ಲಿ ‘ಕೊಕುಗೊ’, ಅಂದರೆ ನಾಡಭಾಷೆಯ ವಿಷಯಕ್ಕೆ, ವರ್ಷಕ್ಕೆ 306 ಪೀರಿಯಡ್. ಹೋಶೂಕೋದಲ್ಲಿ ಸಿಗುವುದು ಸುಮಾರು 40 ಶನಿವಾರ. ಪುಸ್ತಕ ಮಾತ್ರ ಅದೇ. ಆರನೇ ತರಗತಿ ಮುಗಿಯುವಷ್ಟರಲ್ಲಿ 1026 ಕಾಂಜಿ ಬರಬೇಕು. ಮಿಕ್ಕಿದ್ದೆಲ್ಲ ಮನೆಗೆಲಸ. ಪಾಠವನ್ನು ಗಟ್ಟಿಯಾಗಿ ಓದಬೇಕು, ಅಮ್ಮ ಕೇಳಿಸಿಕೊಂಡು ‘ಒಂದೊಕು’ ಕಾರ್ಡಿನಲ್ಲಿ ಗುರುತು ಹಾಕಬೇಕು. ಶುಕ್ರವಾರ ರಾತ್ರಿ ಊರಿನ ಶಾಲೆಯ ಹೋಂವರ್ಕಿನ ಪಕ್ಕದಲ್ಲೇ ಈ ಕಾರ್ಡೂ ಬಿದ್ದಿರುತ್ತದೆ. ಗೆಳೆಯರು ಶನಿವಾರ ಫುಟ್ಬಾಲಿಗೆ, ಹುಟ್ಟುಹಬ್ಬಕ್ಕೆ ಹೋಗುವಾಗ ಈ ಮಗು ಬ್ಯಾಗು ಹೆಗಲಿಗೇರಿಸುತ್ತದೆ. ಅದರ ಬಾಲ್ಯದಿಂದ ನಾವು ಕೇಳುತ್ತಿರುವುದು ಸಣ್ಣದೇನಲ್ಲ.

ಈಗ ಬೆಂಚಿನ ಮೇಲೆ ಕೂತವರೇ ಬೇರೆ. ಮರಳಿ ಹೋಗುವವರ ಪಕ್ಕದಲ್ಲಿ ಅಲ್ಲೇ ನೆಲೆ ನಿಂತವರ, ಅಪ್ಪ-ಅಮ್ಮರಲ್ಲಿ ಒಬ್ಬರು ಮಾತ್ರ ಜಪಾನಿಯಾದವರ ಮಕ್ಕಳಿದ್ದಾರೆ. ಅವರಿಗೆ ಟೋಕಿಯೋದ ಪ್ರವೇಶ ಪರೀಕ್ಷೆ ಬೇಕಿಲ್ಲ, ಅಜ್ಜಿಯ ಜೊತೆ ಮಾತಾಡುವ ಭಾಷೆ ಬೇಕು. ಅದಕ್ಕೆ ‘ಕೇಶೋಗೊ’, ಪರಂಪರೆಯಿಂದ ಬಂದ ಭಾಷೆ, ಎಂಬ ಮಾತು ಬಳಕೆಗೆ ಬಂದಿದೆ. ಎರಡೂ ಬಗೆಯ ಮಕ್ಕಳಿಗೆ ಒಂದೇ ಪುಸ್ತಕ ಹಿಡಿಸಿದರೆ ಒಬ್ಬರಿಗೆ ನಿಧಾನ, ಇನ್ನೊಬ್ಬರಿಗೆ ಓಟ. ಹಾಗಾಗಿ ಕೆಲವು ಶಾಲೆಗಳು ಬೇರೆ ತರಗತಿ ತೆರೆದಿವೆ. ನನ್ನ ಮಟ್ಟಿಗೆ ಅದೇ ಸರಿ. ಹಿಂದೆ ಬಿದ್ದೆನೆಂಬ ಭಾವನೆಯಲ್ಲಿ ಭಾಷೆ ಬಿಟ್ಟ ಮಗು ಮತ್ತೆ ಅದರತ್ತ ತಿರುಗುವುದು ಕಷ್ಟ. ಕಾನೂನೂ ತಡವಾಗಿ ಎದ್ದಿತು: ಹೊರದೇಶಗಳಲ್ಲಿನ ಜಪಾನಿ ಶಾಲೆಗಳಿಗೆಂದೇ ಒಂದು ಕಾಯ್ದೆ ಬಂದದ್ದು 2022ರಲ್ಲಿ.

ಬೆಂಗಳೂರಿನಲ್ಲೂ ಒಂದು ಹೋಶೂಕೋ ಇದೆ. ಬಿಡದಿಯಲ್ಲಿ ಟೊಯೋಟಾ ಕಾರು ತಯಾರಿಕೆ 1999ರಲ್ಲಿ ಶುರುವಾಯಿತು, ಅದರ ಜೊತೆ ಜಪಾನಿ ಕುಟುಂಬಗಳೂ ನಮ್ಮೂರಿಗೆ ಬಂದವು. ಇಲ್ಲಿನ ಮಕ್ಕಳಲ್ಲಿ ಹಲವರು ಇನ್ನೂ ಮೊದಲಿನ ಲೆಕ್ಕದವರೇ: ಅಪ್ಪನ ಅವಧಿ ಮುಗಿದರೆ ಹೊರಡುವವರು.