ವರ್ಬಲ್ ಫ್ಲುಯೆನ್ಸಿ ಅಂದ್ರೇನು? ಸ್ಕಿಜೋಫ್ರೇನಿಯಾ ಇರೋರಿಗೆ ಮಾತು ಯಾಕೆ ಹೊರಡಲ್ಲ

ಪುಣೆಯಲ್ಲಿ ಮನೆಯವರನ್ನ ಸೈಕಿಯಾಟ್ರಿ ಓಪಿಡಿಗೆ ಕರ್ಕೊಂಡು ಹೋಗೋ ನಮ್ಮ ಕನ್ನಡದವರ ಫೈಲಲ್ಲಿ "ವರ್ಬಲ್ ಫ್ಲುಯೆನ್ಸಿ ಕಡಿಮೆ" ಅಂತ ಒಂದು ಸಾಲು ಇದ್ರೆ, ಹುಡುಗನಿಗೆ ಇಂಗ್ಲಿಷೋ ಮರಾಠಿಯೋ ಸರಿಯಾಗಿ ಬರಲ್ಲ ಅಂತ ಬರ್ದಿದಾರೆ ಅಂದ್ಕೊಳ್ಳೋದು ಸುಲಭ. ಅದಲ್ಲ. ಬೇಕಾದ ಶಬ್ದನ ತಲೆಯೊಳಗಿಂದ ಹುಡುಕಿ, ತಡ ಮಾಡ್ದೆ, ಒಂದಾದ್ಮೇಲೊಂದು ಹೊರಗೆ ತರೋ ಶಕ್ತಿಗೆ ಹಂಗಂತಾರೆ.

ಇದನ್ನ ಅಳೆಯೋ ಟೆಸ್ಟ್ ತುಂಬ ಸಿಂಪಲ್, ಒಂದು ನಿಮಿಷ ಟೈಮ್ ಕೊಟ್ಟು ಗೊತ್ತಿರೋ ಪ್ರಾಣಿಗಳ ಹೆಸರೆಲ್ಲ ಹೇಳಿ ಅಂತಾರೆ, ಇಲ್ಲಾಂದ್ರೆ 'ಕ' ಇಂದಲೋ 'ಪ' ಇಂದಲೋ ಶುರುವಾಗೋ ಶಬ್ದ ಹೇಳಿ, ಊರಿನ ಹೆಸರು ಜನರ ಹೆಸರು ಬೇಡ ಅಂತಾರೆ. ನಾವು ಹೇಳೋವಾಗ ಗಮನಿಸಿ ನೋಡಿ, ಹಸು ಎಮ್ಮೆ ಆಡು ಕುರಿ ಅಂತ ಒಂದು ಗುಂಪು ಬರತ್ತೆ, ಅದು ಖಾಲಿಯಾದ ಕೂಡ್ಲೆ ಹುಲಿ ಸಿಂಹ ಚಿರತೆ ಅಂತ ಕಾಡಿಗೆ ಹಾರ್ತೀವಿ. ಸ್ಕಿಜೋಫ್ರೇನಿಯಾ, ಅಂದ್ರೆ ಯೋಚನೆ ಮಾತು ನಡವಳಿಕೆ ಏರುಪೇರಾಗೋ ಮಾನಸಿಕ ಕಾಯಿಲೆ, ಇರೋರಲ್ಲಿ ಸುಮಾರು ಜನರಿಗೆ ಈ ಹಾರೋದೇ ಕಷ್ಟ, ಹಸು ಎಮ್ಮೆ ಆಡು ಅಂದು ಸುಮ್ನಾಗ್ತಾರೆ, ಮತ್ತೆ ಹಸು ಅಂತಾರೆ. ಹುಲಿ ಗೊತ್ತಿಲ್ಲ ಅಂತಲ್ಲ, ಚಿತ್ರ ತೋರಿಸಿದ್ರೆ ಹೇಳ್ತಾರೆ. ಅಕ್ಷರದ ಟೆಸ್ಟಿಗಿಂತ ಈ ಪ್ರಾಣಿಗಳ ಟೆಸ್ಟಲ್ಲೇ ಸಾಮಾನ್ಯವಾಗಿ ಹೆಚ್ಚು ತೊಂದ್ರೆ ಕಾಣತ್ತೆ.

ಇದರ ಪಕ್ಕದಲ್ಲೇ ಅಲೋಜಿಯಾ ಅಂತ ಇನ್ನೊಂದು ಪದ ಬರತ್ತೆ, ಮಾತೇ ಬತ್ತಿ ಹೋಗೋದು. ಊರಿಂದ ಬಂದ ಕಾಕಾ "ಹೆಂಗದೀಯಪಾ?" ಅಂದ್ರೆ "ಅದೀನಿ", "ಊಟ ಆತೇನು?" ಅಂದ್ರೆ "ಹೂಂ", ಅಷ್ಟೇ. ಕಾಕಾಗೆ ಇದು ಸೊಕ್ಕು ಅನ್ಸತ್ತೆ, "ಪುಣೆಕ್ಕ ಬಂದು ಮಾತಾಡೂದ ಮರತಾನ" ಅಂತ ನಾಲ್ಕು ಜನರ ಮುಂದೆ ಅಂದುಬಿಡ್ತಾನೆ. ನನ್ನ ಕೇಳಿದ್ರೆ ಕಾಯಿಲೆಗಿಂತ ಈ ಮಾತೇ ಹೆಚ್ಚು ಚುಚ್ಚೋದು.

ಉಲ್ಟಾನೂ ಆಗತ್ತೆ, ಮಾತು ನಿಲ್ಲಲ್ಲ ಆದ್ರೆ ಹಳಿ ತಪ್ಪತ್ತೆ. ನಾನೇ ಕಟ್ಟಿದ ಉದಾಹರಣೆ: "ಊಟ ಅಂದ್ರೆ ಅಕ್ಕಿ, ಅಕ್ಕಿ ಮಾರ್ಕೆಟ್ ಯಾರ್ಡ್ ಲಾರಿಯಲ್ಲಿ ಬರತ್ತೆ, ಲಾರಿ ನಂಬರ್ ನಮ್ಮಣ್ಣನ ಹುಟ್ಟಿದ ತಾರೀಖು." ಒಂದೊಂದು ಕೊಂಡಿ ಹಿಡಿದ್ರೆ ಸಿಗತ್ತೆ, ಪೂರ್ತಿ ಕೇಳಿದ್ರೆ ಊಟ ಆಯ್ತೋ ಇಲ್ವೋ ಗೊತ್ತಾಗಲ್ಲ. ಈ ಕಾಯಿಲೆಗೆ ಹೆಸರಿಟ್ಟ ಸ್ವಿಸ್ ಡಾಕ್ಟರ್ ಆಯ್ಗನ್ ಬ್ಲಾಯ್ಲರ್ 1911ರಲ್ಲೇ ವಿಚಾರಗಳ ನಡುವಿನ ಕೊಂಡಿ ಸಡಿಲ ಆಗೋದನ್ನ ಇದರ ಮುಖ್ಯ ಲಕ್ಷಣ ಅಂದಿದ್ರು, ಆಮೇಲೆ 1979ರಲ್ಲಿ ಅಮೆರಿಕದ ನ್ಯಾನ್ಸಿ ಆಂಡ್ರಿಯಾಸನ್ ಇಂಥ ಮಾತಿನ ತೊಂದ್ರೆಗಳನ್ನ 18 ಬಗೆ ಮಾಡಿ ವಿವರಿಸಿದ್ರು. ಎಲ್ಲಾ ಪೇಷಂಟಿಗೂ ಎಲ್ಲವೂ ಇರತ್ತೆ ಅಂತಿಲ್ಲ. ಸಾಮಾನ್ಯವಾಗಿ ಔಷಧಿಗೆ ಈ ಹಳಿ ತಪ್ಪೋ ಮಾತು ಬಗ್ಗೋ ಅಷ್ಟು ಅಲೋಜಿಯಾ ಬಗ್ಗಲ್ಲ, ಕೆಲವೊಮ್ಮೆ ಮಾತ್ರೆಯ ಮಂಪರಿಗೋ ಡಿಪ್ರೆಷನ್‌ಗೋ ಮಾತು ಕಮ್ಮಿಯಾಗಿರತ್ತೆ, ಅದನ್ನ ಡಾಕ್ಟರೇ ಬೇರೆ ಮಾಡಿ ನೋಡ್ಬೇಕು. ನೀವಾಗೇ ಮಾತ್ರೆ ನಿಲ್ಲಿಸ್ಬೇಡಿ.

ಈಗ ಪುಣೆಯ ವಿಷಯಕ್ಕೆ ಬರ್ತೀನಿ. ಮನೇಲಿ ಕನ್ನಡ, ಸ್ಕೂಲಲ್ಲಿ ಮರಾಠಿ, ಕೆಲಸದಲ್ಲಿ ಹಿಂದಿ, ಹಿಂಗೆ ಬೆಳೆದವರಿಗೆ ಪ್ರಾಣಿಗಳ ಹೆಸರು ಮರಾಠಿಯಲ್ಲೇ ಹೇಳು ಅಂದ್ರೆ ಆರೋಗ್ಯವಾಗಿರೋರ ಸ್ಕೋರೂ ಇಳೀಬಹುದು, ಇನ್ನು ಈ ಕಾಯಿಲೆ ಇರೋರದ್ದು ಕೇಳ್ಬೇಕಾ. ಟೆಸ್ಟಿಗೆ ಮುಂಚೆಯೇ ಯಾವ ಭಾಷೆ ಚೆನ್ನಾಗಿ ಬರತ್ತೆ ಅಂತ ಸೈಕಾಲಜಿಸ್ಟಿಗೆ ಹೇಳಿ, ಕನ್ನಡದಲ್ಲಿ ಮಾಡೋಕಾಗಲ್ಲ ಅಂದ್ರೆ ಬೇರೆ ಭಾಷೆಯಲ್ಲಿ ಮಾಡಿದ್ದು ಅಂತ ರಿಪೋರ್ಟಲ್ಲಿ ಬರೆಸಿ. ಅಂದಹಾಗೆ ಬರೀ ಈ ಸ್ಕೋರ್ ನೋಡಿ ಸ್ಕಿಜೋಫ್ರೇನಿಯಾ ಅಂತ ಯಾರೂ ಹೇಳೋಕಾಗಲ್ಲ, ಮರೆವಿನ ಕಾಯಿಲೆಯಲ್ಲೂ ಇದು ಇಳಿಯತ್ತೆ.

ಮನೇಲಿ ಮಾಡೋದು ಇಷ್ಟೇ: ಒಂದ್ಸಲಕ್ಕೆ ಒಂದೇ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ, ಮಧ್ಯೆ ಬಾಯಿ ಹಾಕ್ಬೇಡಿ. "ಇವತ್ತೇನ್ ಮಾಡ್ದೆ?" ಅನ್ನೋದಕ್ಕಿಂತ "ಚಹಾ ಬೇಕಾ, ಕಾಫಿ ಬೇಕಾ?" ಅಂದ್ರೆ ಅವರಿಗೆ ಸಲೀಸು. ಡಾಕ್ಟರ್ ಹತ್ರ ಹೋಗೋಕೆ ಮುಂಚೆ ಕನ್ನಡದಲ್ಲೇ ಯಾರ ಹತ್ರಾದ್ರೂ ಮಾತಾಡ್ಬೇಕು ಅನ್ಸಿದ್ರೆ ಸರ್ಕಾರದ ಟೆಲಿ ಮಾನಸ್ ನಂಬರ್ 14416 ಇದೆ, ಫ್ರೀ, ಫೋನ್ ಹತ್ತಿದ ಮೇಲೆ ಭಾಷೆ ಆರಿಸ್ಕೋಬಹುದು.